ನಿಜವಾದ ಮಂಗಲಕಾರ್ಯ



ಕಳೆದ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ಸೂಚನೆ ಬಂದಿತು. ಹೋಟೆಲು ಕೆಲಸಗಾರರ ಖೋಲಿಗಳಲ್ಲಿ ಈಚೆಗೆ ಜಗಳಗಳು ಹೆಚ್ಚಿರುವುದರಿಂದ ಸಂಘದ ವತಿಯಿಂದ ಒಂದು ಶಾಂತಿಹೋಮವನ್ನೂ ಸತ್ಯನಾರಾಯಣ ಪೂಜೆಯನ್ನೂ ಮಾಡಿಸಬೇಕು, ಅದಕ್ಕಾಗಿ ಸದಸ್ಯರಿಂದ ವಂತಿಗೆ ಎತ್ತಬೇಕು ಎಂಬುದೇ ಆ ಸೂಚನೆ. ಹೇಳಿದವರು ಹಿರಿಯರು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆ ದಿನ ನಾವು ಏನೊಂದನ್ನೂ ಹೇಳದೆ ಎದ್ದು ಬಂದೆವು. ಅಲ್ಲಿ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಪೂಜೆಗೆ ನಮ್ಮ ವಿರೋಧವಿಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇವೆ. ಊರು ಬಿಟ್ಟು ಬಂದವನಿಗೆ ವರ್ಷಕ್ಕೊಮ್ಮೆ ನಾಲ್ಕು ಜನರ ಜತೆ ಕುಳಿತು ಪ್ರಸಾದ ತಿನ್ನುವುದು ಎಷ್ಟು ದೊಡ್ಡ ಸಮಾಧಾನವೆಂಬುದು ನಮಗೂ ಗೊತ್ತಿದೆ. ನಮ್ಮ ಪ್ರಶ್ನೆ ಬೇರೆ. ಶಾಂತಿ ಹೋದದ್ದು ಎಲ್ಲಿಂದ? ಹೋದ ಜಾಗದಲ್ಲಿಯೇ ಅದನ್ನು ಹುಡುಕಬೇಡವೇ?

ಜಗಳ ಹೇಗೆ ಹುಟ್ಟಿತೆಂಬುದನ್ನು ನೋಡಿರಿ. ಒಂದು ಹೋಟೆಲು; ಹೆಸರು ಬೇಡ. ಮಧ್ಯಾಹ್ನದ ಊಟದ ಗಡಿಬಿಡಿ. ಲೋಟಗಳ ತಟ್ಟೆ ಹೊತ್ತಿದ್ದ ಕ್ಲೀನರ್ ಹುಡುಗ ಒದ್ದೆ ನೆಲದಲ್ಲಿ ಕಾಲು ಜಾರಿ ಬಿದ್ದ. ಹನ್ನೊಂದು ಗಾಜಿನ ಲೋಟ ಒಡೆದವು. ಕ್ಯಾಪ್ಟನ್ ಓಡಿ ಬಂದವನೇ ಹುಡುಗನ ಕೆನ್ನೆಗೆ ಬಾರಿಸಿದ. ಹುಡುಗ ಒಡಿಶಾದ ಗಂಜಾಂ ಜಿಲ್ಲೆಯವನು, ಹತ್ತೊಂಬತ್ತು ವರ್ಷದವನು. ಹೊಡೆದವನು ನಮ್ಮ ಕಡೆಯವನು. ಅಷ್ಟರಲ್ಲೇ ಮುಗಿಯಬೇಕಾಗಿತ್ತು. ಆದರೆ ಸಂಜೆಯ ಹೊತ್ತಿಗೆ ಮೊಬೈಲುಗಳಲ್ಲಿ ಎರಡು ಸುದ್ದಿ ಹರಿದಾಡಿದವು. ಕನ್ನಡದವರು ಒಡಿಯಾ ಹುಡುಗನ ಕೈ ಮುರಿದರೆಂದು ಒಂದು. ಹೊರಗಿನವರು ಕನ್ನಡದವನಿಗೆ ಚಾಕು ಹಾಕಿದರೆಂದು ಇನ್ನೊಂದು. ಎರಡೂ ಹಸಿಹಸಿ ಸುಳ್ಳು. ಹತ್ತು ಜನ ಮಲಗಲು ಜಾಗವಿರುವ ಖೋಲಿಯಲ್ಲಿ ಹದಿನಾರು ಜನ ಇದ್ದರು. ರಾತ್ರಿ ಒಂದು ಗಂಟೆಗೆ ಅವರು ಎರಡು ಪಕ್ಷವಾಗಿ ನಿಂತರು. ಬಡಿದಾಟದಲ್ಲಿ ಒಬ್ಬ ಸಪ್ಲಾಯರನ ತಲೆಗೆ ನಾಲ್ಕು ಹೊಲಿಗೆ ಬಿತ್ತು. ಎರಡು ದಿನ ಅಡಿಗೆಮನೆ ನಿಂತಿತು. ಧಣಿಗಳು ಎಲ್ಲರ ಎರಡು ದಿನದ ಪಗಾರ ಕತ್ತರಿಸಿದರು. ಗಂಜಾಮಿನ ಹುಡುಗ ಚೀಲ ಕಟ್ಟಿಕೊಂಡು ಸೂರತ್ತಿಗೆ ಹೋದ.

ಲಾಭ ಯಾರಿಗಾಯಿತು? ಕನ್ನಡದವನಿಗೋ, ಒಡಿಯಾದವನಿಗೋ? ಹದಿನಾರು ಜನರಿಗೆ ಆರು ಜನರ ಜಾಗ ಕಡಮೆ ಇದೆ ಎಂಬ ಮಾತನ್ನು ಆ ರಾತ್ರಿ ಯಾರೂ ಆಡಲಿಲ್ಲ. ಆಡಿದ್ದರೆ ಹದಿನಾರೂ ಜನ ಒಂದೇ ಪಕ್ಷವಾಗುತ್ತಿದ್ದರು.

ಆ ಕ್ಯಾಪ್ಟನನನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ಮೊದಲು ಹೊರಟವರು ನಾವೇ. ದಾದರಿನ ಸೇತುವೆ ಹತ್ತುವಾಗ ಆಡಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸುತ್ತಿದ್ದೆವು. ಅರ್ಧ ಮೆಟ್ಟಿಲು ಹತ್ತಿದಾಗ ಕಾಲು ತಡೆಯಿತು. ಹಳೆಯದೊಂದು ಮುಖ ನೆನಪಿಗೆ ಬಂದಿತು.

ನಾವೂ ಕುಂದಾಪುರ ಕಡೆಯ ಒಂದು ಹಳ್ಳಿಯಿಂದ, ಏಳನೆಯ ತರಗತಿ ಮುಗಿಸಿ, ಹದಿನೈದನೆಯ ವರ್ಷಕ್ಕೆ ಈ ಮುಂಬಯಿಗೆ ಮಾಣಿಯಾಗಿ ಬಂದವರು. ಟೇಬಲು ಒರೆಸಿದ್ದೇವೆ, ಮೋರಿಯ ಬಳಿ ಕುಳಿತು ತಪ್ಪಲೆ ಉಜ್ಜಿದ್ದೇವೆ, ಸೌಟಿನ ಕಾವಿನ ಪೆಟ್ಟು ಬೆನ್ನ ಮೇಲೆ ತಿಂದಿದ್ದೇವೆ. ಒಂಬತ್ತು ವರ್ಷ ಕಳೆದು ನಾವೇ ಕ್ಯಾಪ್ಟನ್ ಆದೆವು. ಒಂದು ಶುಕ್ರವಾರ ಬೆಳಿಗ್ಗೆ, ಮಸಾಲೆದೋಸೆ ಬೇರೆ ಟೇಬಲಿಗೆ ಹೋಯಿತೆಂಬ ಕಾರಣಕ್ಕೆ ಒಬ್ಬ ಹುಡುಗನಿಗೆ ಗಿರಾಕಿಗಳ ಎದುರಿನಲ್ಲೇ ಹೊಡೆದೆವು. ಗಲ್ಲಾದ ಮೇಲಿನ ದೇವರ ಪಟಕ್ಕೆ ಹೂ ಮುಡಿಸಿ, ಊದಿನಕಡ್ಡಿ ಹಚ್ಚಿ ಅರ್ಧ ಗಂಟೆಯೂ ಆಗಿರಲಿಲ್ಲ. ಹುಡುಗ ಅಳಲಿಲ್ಲ, ಒಮ್ಮೆ ನಮ್ಮ ಮುಖ ನೋಡಿದ. ಮರುದಿನ ಬಾಕಿ ಪಗಾರವನ್ನೂ ಕೇಳದೆ ಹೊರಟುಹೋದ. ಅವನ ಊರು ಯಾವುದೆಂದು ನಾವು ಕೇಳಿಕೊಂಡೂ ಇರಲಿಲ್ಲ. ಈಗ ಕ್ಷಮೆ ಕೇಳೋಣವೆಂದರೆ ಹೋಗುವುದೆಲ್ಲಿಗೆ?

ನಾವು ಪೆಟ್ಟು ತಿಂದದ್ದನ್ನು ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇವೆ, ಚಪ್ಪಾಳೆಯನ್ನೂ ಪಡೆದಿದ್ದೇವೆ. ಪೆಟ್ಟು ಕೊಟ್ಟದ್ದನ್ನು ಒಮ್ಮೆಯೂ ಹೇಳಿರಲಿಲ್ಲ. ಸೇತುವೆಯಿಂದ ಇಳಿದು ಆ ದಿನ ಹಿಂದಿರುಗಿದೆವು.

ಆ ವಾರದ ರಜಾದಿನ ಕೋಟೆ ವಿಭಾಗದ ರಾತ್ರಿಶಾಲೆಯಲ್ಲಿ ಹಿಂದೆ ಪಾಠ ಹೇಳುತ್ತಿದ್ದ ಮಾಸ್ತರೊಬ್ಬರನ್ನು ಕಂಡು ಇದನ್ನೆಲ್ಲ ಹೇಳಿಕೊಂಡೆವು. ಅವರು ಉಪದೇಶ ಮಾಡಲಿಲ್ಲ. ಕಾಲಾಘೋಡಾದ ಹತ್ತಿರದ ಮ್ಯೂಸಿಯಮ್ಮಿಗೆ, ಎಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ನಾಲ್ಕು ಹೆಜ್ಜೆ ಆಚೆಗೆ ನಾವು ವರ್ಷಗಟ್ಟಲೆ ಚಹಾ ಹೊತ್ತಿದ್ದೇವೆ. ಒಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಮಾಸ್ತರರು ಒಂದು ಮುರುಕು ಕಲ್ಲಿನ ಎದುರು ನಿಲ್ಲಿಸಿದರು. ಅದರ ಮೇಲೆ ನಮಗೆ ಓದಲು ಬಾರದ ಬ್ರಾಹ್ಮೀ ಲಿಪಿಯ ಅಕ್ಷರಗಳು.

ಆ ಕಲ್ಲು ದೂರದಿಂದ ತಂದದ್ದಲ್ಲ. ನಮ್ಮಲ್ಲಿ ಎಷ್ಟೋ ಜನ ಬಾಡಿಗೆ ಕಡಮೆಯೆಂದು ಬಿಡಾರ ಮಾಡಿರುವ ನಾಲಾಸೋಪಾರದ ಕಡೆಯದು. ಸೋಪಾರ ಅಂದು ದೊಡ್ಡ ಬಂದರು. ಅಲ್ಲಿ 1882ರಲ್ಲಿ ಪಂಡಿತ ಭಗವಾನಲಾಲ್ ಇಂದ್ರಜಿಯವರಿಗೆ ಅಶೋಕ ಚಕ್ರವರ್ತಿಯ ಎಂಟನೆಯ ಶಿಲಾಶಾಸನದ ಒಂದು ತುಂಡು ದೊರೆಯಿತು. 1956ರಲ್ಲಿ ಹತ್ತಿರದ ಭುಯಿಗಾಂವ್ ಎಂಬ ಹಳ್ಳಿಯಲ್ಲಿ ಒಂಬತ್ತನೆಯ ಶಾಸನದ ತುಂಡು ದೊರೆಯಿತು. ನಾವು ನೋಡಿದ್ದು ಈ ಒಂಬತ್ತನೆಯದನ್ನು. ಕಲ್ಲು ಮುರಿದಿದ್ದರೂ ಗಿರ್ನಾರ್ ಮುಂತಾದ ಕಡೆ ಇದೇ ಶಾಸನ ಪೂರ್ತಿಯಾಗಿ ಇರುವುದರಿಂದ ಅದರಲ್ಲಿ ಏನಿತ್ತೆಂಬುದು ವಿದ್ವಾಂಸರಿಗೆ ತಿಳಿದಿದೆ. ಮಾಸ್ತರರು ಅದರ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೇಳಿದರು.

ಜನರು ಕಾಯಿಲೆ ಬಿದ್ದಾಗ, ಮದುವೆಯಲ್ಲಿ, ಮಕ್ಕಳು ಹುಟ್ಟಿದಾಗ, ಪ್ರಯಾಣ ಹೊರಟಾಗ ನಾನಾ ಬಗೆಯ ಮಂಗಲಕಾರ್ಯಗಳನ್ನು ಮಾಡುತ್ತಾರೆ. ಮಾಡಲಿ, ಆದರೆ ಅವುಗಳ ಫಲ ಅಲ್ಪ. ದೊಡ್ಡ ಫಲ ಕೊಡುವ ಮಂಗಲ ಬೇರೊಂದಿದೆ. ದಾಸರನ್ನೂ ಕೂಲಿಗೆ ದುಡಿಯುವವರನ್ನೂ ಸರಿಯಾಗಿ ನಡೆಸಿಕೊಳ್ಳುವುದು, ಗುರುಗಳನ್ನು ಗೌರವಿಸುವುದು, ಪ್ರಾಣಿಗಳ ವಿಷಯದಲ್ಲಿ ಸಂಯಮದಿಂದಿರುವುದು, ಶ್ರಮಣರಿಗೂ ಬ್ರಾಹ್ಮಣರಿಗೂ ದಾನ ಮಾಡುವುದು. ತಂದೆ, ಮಗ, ಅಣ್ಣತಮ್ಮ, ಒಡೆಯ, ಗೆಳೆಯ, ಕೊನೆಗೆ ನೆರೆಯವನು ಕೂಡ ಇದೇ ಒಳ್ಳೆಯದೆಂದು ಒಬ್ಬರಿಗೊಬ್ಬರು ಹೇಳಬೇಕು. ಇದು ಆ ಶಾಸನದ ಸಾರಾಂಶ.

ಬಂಧುಗಳೇ, ಆ ಪಟ್ಟಿಯಲ್ಲಿ ಮೊದಲು ಬಂದವರು ಯಾರೆಂಬುದನ್ನು ಗಮನಿಸಿರಿ. ಕಲ್ಲಿನ ಮಾತಿನಲ್ಲಿ ‘ದಾಸಭತಕ’ ಎಂದಿದೆಯಂತೆ. ‘ಭತಕ’ ಎಂದರೆ ಕೂಲಿಯವನು. ನಮ್ಮ ‘ಭೃತ್ಯ’ ಎಂಬ ಶಬ್ದದ ನೆಂಟ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಈ ಕಡಲತೀರದಲ್ಲಿ ಮೂಟೆ ಹೊತ್ತವನು, ಪಾತ್ರೆ ತೊಳೆದವನು ಆ ಕಲ್ಲಿನಲ್ಲಿದ್ದಾನೆ. ಆ ಪಟ್ಟಿಯಲ್ಲಿ ಯಾವ ದೇವರ ಹೆಸರೂ ಇಲ್ಲ. ಈ ಮಂಗಲದಿಂದ ಇಹಕ್ಕೂ ಪರಕ್ಕೂ ಫಲವುಂಟೆಂದು ಅಶೋಕ ಹೇಳುತ್ತಾನೆ. ಪರವನ್ನು ನಂಬದ ನಮ್ಮ ಕಾಮ್ರೇಡರಿಗೆ ಇಹದ ಫಲವೇ ಸಾಕು. ನಂಬುವವರಿಗೆ ಎರಡೂ ಇರಲಿ.

ಈ ಮಾತನ್ನು ಹೇಳಿದವನು ಹುಟ್ಟಾ ಸಾಧುವಾಗಿರಲಿಲ್ಲ. ಪಟ್ಟಕ್ಕೆ ಬಂದು ಎಂಟು ವರ್ಷ ಕಳೆದಾಗ ಕಳಿಂಗದ ಮೇಲೆ ದಂಡೆತ್ತಿ ಹೋದವನು. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು, ಅದರ ಎಷ್ಟೋ ಪಾಲು ಜನ ಬೇರೆ ರೀತಿಯಿಂದ ನಾಶವಾದರು ಎಂಬ ಲೆಕ್ಕವನ್ನು ಶತ್ರುಗಳು ಬರೆದಿಟ್ಟದ್ದಲ್ಲ. ಹದಿಮೂರನೆಯ ಶಾಸನದಲ್ಲಿ ಅವನೇ ಕೆತ್ತಿಸಿದ್ದು. ಗೆದ್ದ ರಾಜನು ಗೆಲುವಿನಿಂದ ತನಗೆ ಸಂಕಟವಾಯಿತೆಂದು ಕಲ್ಲಿನ ಮೇಲೆ ಬರೆಸಿದ್ದು ಲೋಕದಲ್ಲಿ ಅಪರೂಪ.

ಮುಂದೆ ಅವನು ಕಂಬಗಳ ಮೇಲೆಯೂ ಬರೆಸಿದ. ದೆಹಲಿಯ ನಮ್ಮ ಕನ್ನಡ ಬಂಧುಗಳು ಫಿರೋಜ್ ಷಾ ಕೋಟ್ಲಾದಲ್ಲಿ ಅಂಥದೊಂದು ಕಂಬವನ್ನು ನೋಡಿರಬಹುದು. ಅದರ ಮೂರನೆಯ ಶಾಸನದ ಅಭಿಪ್ರಾಯವಿದು: ಮನುಷ್ಯನು ತಾನು ಮಾಡಿದ ಒಳ್ಳೆಯದನ್ನು ಮಾತ್ರ ನೋಡಿಕೊಳ್ಳುತ್ತಾನೆ, ಕೆಟ್ಟದ್ದನ್ನು ನೋಡಿಕೊಳ್ಳುವುದಿಲ್ಲ, ಹಾಗೆ ನೋಡಿಕೊಳ್ಳುವುದು ಕಷ್ಟ, ಆದರೂ ನೋಡಿಕೊಳ್ಳಲೇಬೇಕು, ಕ್ರೌರ್ಯ, ಕೋಪ, ಅಹಂಕಾರ, ಅಸೂಯೆ ಇವು ಕೇಡಿಗೆ ಒಯ್ಯುತ್ತವೆ. ಇದನ್ನು ಕೇಳಿದಾಗ ನಮಗೆ ದಾದರಿನ ಸೇತುವೆ ನೆನಪಾಯಿತು. ನಮ್ಮ ಸಭೆಯ ಭಾಷಣಗಳೂ ನೆನಪಾದವು.

ಇನ್ನೊಂದು ಸಂಗತಿ ತಿಳಿದು ನಮ್ಮ ತಲೆ ತಗ್ಗಿತು. ಕಳಿಂಗವೆಂದರೆ ಇಂದಿನ ಒಡಿಶಾದ ಕಡಲತೀರ. ಅಲ್ಲಿ ಅಶೋಕನ ಶಾಸನಗಳಿರುವ ಎರಡು ಸ್ಥಳಗಳಲ್ಲಿ ಒಂದು ಧೌಲಿ, ಇನ್ನೊಂದು ಜೌಗಡ. ಜೌಗಡ ಇರುವುದು ಗಂಜಾಂ ಜಿಲ್ಲೆಯಲ್ಲಿ. ಪೆಟ್ಟು ತಿಂದ ಹುಡುಗನ ಜಿಲ್ಲೆ ಅದೇ. ಆ ಎರಡು ಸ್ಥಳಗಳಲ್ಲಿ ಅಶೋಕ ಯುದ್ಧದ ಲೆಕ್ಕವನ್ನು ಕೆತ್ತಿಸಲಿಲ್ಲ. ಅದರ ಬದಲು ತನ್ನ ಅಧಿಕಾರಿಗಳಿಗೆ ಆಜ್ಞೆ ಬರೆಸಿದ. ಎಲ್ಲ ಜನರೂ ತನ್ನ ಮಕ್ಕಳಿದ್ದ ಹಾಗೆ. ಕಾರಣವಿಲ್ಲದೆ ಯಾರನ್ನೂ ಬಂಧಿಸಬಾರದು, ಹಿಂಸಿಸಬಾರದು. ಅಸೂಯೆ, ಸಿಟ್ಟು, ನಿಷ್ಠುರತೆ, ಅವಸರ, ಸೋಮಾರಿತನ ತಮ್ಮಲ್ಲಿ ಇರಬಾರದೆಂದು ಪ್ರತಿಯೊಬ್ಬ ಅಧಿಕಾರಿಯೂ ಬಯಸಬೇಕು. ಇದೇ ಆಜ್ಞೆ ನಮ್ಮ ಕಲಬುರಗಿ ಜಿಲ್ಲೆಯ ಭೀಮಾ ತೀರದ ಸನ್ನತಿಯಲ್ಲೂ ಸಿಕ್ಕಿದೆ. ಗಂಜಾಮಿನವನಿಗೂ ಕನ್ನಡದವನಿಗೂ ಒಂದೇ ಆಜ್ಞೆ! ಹೊಡೆಯುವ ಅಧಿಕಾರವಿರುವ ಕ್ಯಾಪ್ಟನನಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದು?

ಆದರೆ ದುಡಿಯುವ ಜನರಾದ ನಾವು ಒಂದು ಮಾತನ್ನು ಮರೆಯಬಾರದು. ಅಶೋಕ ಪಶ್ಚಾತ್ತಾಪಪಟ್ಟ, ಆದರೆ ಕಳಿಂಗವನ್ನು ಕಳಿಂಗದವರಿಗೆ ಹಿಂದಿರುಗಿಸಲಿಲ್ಲ. ಸಾಗಿಸಲಾದ ಒಂದೂವರೆ ಲಕ್ಷ ಜನರನ್ನು ಮನೆಗೆ ಕಳಿಸಿದೆನೆಂದು ಅವನ ಶಾಸನ ಹೇಳುವುದಿಲ್ಲ. ಸಂಕಟ ಹೇಳಿಕೊಂಡ ಆ ಶಾಸನದಲ್ಲೇ ಕಾಡುಜನರಿಗೆ ಎಚ್ಚರಿಕೆಯೂ ಇದೆ. ದೊಡ್ಡವರ ಪಶ್ಚಾತ್ತಾಪ ಎಲ್ಲಿಗೆ ಬಂದು ನಿಲ್ಲುತ್ತದೆಂಬುದಕ್ಕೆ ಇದು ನಿದರ್ಶನ. ಆದುದರಿಂದ ನಾವು ಅಶೋಕನಿಗಿಂತ ಒಂದು ಹೆಜ್ಜೆ ಮುಂದೆ ಹೋಗಬೇಕಾಗಿದೆ. ತಪ್ಪನ್ನು ಕಂಡುಕೊಂಡರೆ ಸಾಲದು. ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡಬೇಕು.

ಇಲ್ಲಿ ನಮ್ಮ ತರುಣ ಮಿತ್ರರು ಒಂದು ಆಕ್ಷೇಪ ಎತ್ತುತ್ತಾರೆ. ಶಾಂತಿಯ ಮಾತು ಧಣಿಗಳಿಗೆ ಪ್ರಿಯವಾದ ಮಾತು; ಶಾಂತವಾಗಿರಿ ಎಂದರೆ ಪಗಾರ ಕೇಳಬೇಡಿ ಎಂದೇ ಅರ್ಥ ಎನ್ನುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿದೆ. ಸೆಡ್ಡು ಹೊಡೆಯದೆ ತಲೆ ತಗ್ಗಿಸಿ ದುಡಿಯುವುದನ್ನೇ ಶಾಂತಿಯೆಂದು ಕರೆಯುವವರು ಬಹಳ ಜನ ಇದ್ದಾರೆ. ನಾವು ಹೇಳುವ ಶಾಂತಿ ಅದಲ್ಲ. ನಮ್ಮ ಸಂಘದ ಹಿರಿಯ ಗಿರಣಿ ಕಾರ್ಮಿಕರು ಇದಕ್ಕೆ ಸಾಕ್ಷಿ. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಹೊರಗೆ ಬಂದರು. ತಿಂಗಳುಗಟ್ಟಲೆ ಪಗಾರವಿಲ್ಲದ ಆ ದಿನಗಳಲ್ಲಿ ಚಾಳಿನ ಒಂದು ಒಲೆಯ ಅನ್ನವನ್ನು ಮೂರು ಭಾಷೆಯ ಮನೆಗಳು ಹಂಚಿಕೊಂಡು ತಿಂದುದನ್ನು ಅವರು ಹೇಳುತ್ತಾರೆ. ಹೋರಾಟವೂ ಇತ್ತು, ಚಾಳಿನಲ್ಲಿ ಶಾಂತಿಯೂ ಇತ್ತು.

ಗಿರಣಿಗಳ ಭೋಂಗಾ ಇಂದು ಕೇಳುವುದಿಲ್ಲ. ಆ ಜಾಗಗಳಲ್ಲಿ ಗಾಜಿನ ಕಟ್ಟಡಗಳು ನಿಂತಿವೆ. ಮುಷ್ಕರದಿಂದ ಹತ್ತು ವರ್ಷಗಳ ಮೇಲೆ, 1992ರ ಡಿಸೆಂಬರಿನಲ್ಲಿಯೂ 1993ರ ಜನವರಿಯಲ್ಲಿಯೂ ಇದೇ ನಗರ ಹೊತ್ತಿ ಉರಿಯಿತು. ಶ್ರೀಕೃಷ್ಣ ಆಯೋಗದ ವರದಿಯ ಪ್ರಕಾರ ಆ ಎರಡು ತಿಂಗಳಲ್ಲಿ ಸತ್ತವರು 900 ಜನ. ಕೆಲಸ ಹೋಗಿ, ಒಟ್ಟಿಗೆ ಸೇರುವ ಜಾಗ ಹೋಗಿ, ನೆರೆಯವನ ಹೆಸರೇ ತಿಳಿಯದಂತಾದ ಕಡೆ ಸುಳ್ಳು ಸುದ್ದಿಗೆ ಬಲ ಬರುತ್ತದೆ. ಅಂದು ಬಾಯಿಂದ ಬಾಯಿಗೆ ಹೋದ ಸುಳ್ಳು ಇಂದು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿದೆ, ಅಷ್ಟೇ.

ಇದಕ್ಕೆ ಮದ್ದಿಲ್ಲವೇ? ಇದೆ. ನಮ್ಮ ಹತ್ತಿರದ ಭಿವಂಡಿಯನ್ನು ನೋಡಿರಿ. ಮಗ್ಗಗಳ ಊರು, ಬಡವರ ಊರು. 1970ರಲ್ಲಿ ಒಮ್ಮೆ, 1984ರಲ್ಲಿ ಮತ್ತೊಮ್ಮೆ ಘೋರವಾದ ಗಲಭೆಯಾಯಿತು. 1988ರಿಂದೀಚೆಗೆ ಅಲ್ಲಿನ ಪೊಲೀಸ್ ಉಪಾಯುಕ್ತರಾಗಿದ್ದ ಸುರೇಶ ಖೋಪಡೆಯವರು ಕೇರಿಕೇರಿಗೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂ ಮುಸಲ್ಮಾನ ಸಾಮಾನ್ಯ ಜನರು ಒಂದೆಡೆ ಕುಳಿತು ಕೇರಿಯ ಚಿಕ್ಕಪುಟ್ಟ ತಂಟೆಗಳನ್ನು ತಾವೇ ಮಾತಾಡಿ ಬಗೆಹರಿಸತೊಡಗಿದರು. ಜಗಳವಿಲ್ಲದಾಗಲೂ ಕೂಡುತ್ತಿದ್ದರು ಎಂಬುದು ಮುಖ್ಯ. 1992ರಲ್ಲಿ ಮುಂಬಯಿ ಉರಿದಾಗ ಭಿವಂಡಿ ಉರಿಯಲಿಲ್ಲ. ಆ ಬಳಿಕ ಮುಂಬಯಿಯಲ್ಲೂ ಅಂಥ ಸಮಿತಿಗಳು ಹುಟ್ಟಿದವು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ನೀರು ಸಿಕ್ಕೀತೇ? ಭಿವಂಡಿಯವರು ಮೊದಲೇ ತೋಡಿದ್ದರು.

ಆದುದರಿಂದ ಶಾಂತಿಯೂ ಒಂದು ದುಡಿಮೆಯೇ ಎಂದು ನಾವು ಹೇಳುತ್ತೇವೆ. ಇಡ್ಲಿಗೆ ಹಿಂದಿನ ರಾತ್ರಿಯೇ ಹಿಟ್ಟು ರುಬ್ಬಿಡುವಂತೆ ಅದನ್ನೂ ಮುಂಚಿತವಾಗಿ ಮಾಡಿಡಬೇಕು. ಅದು ಪ್ರಾರಂಭವಾಗಬೇಕಾದುದು ನಮ್ಮ ನಮ್ಮ ಒಳಗೆ. ಈ ಬಗ್ಗೆ ನಮ್ಮ ಕೆಲವು ಸೂಚನೆಗಳನ್ನು ಸಂಘದ ಮುಂದಿಡುತ್ತೇವೆ.

ಮೊದಲನೆಯದು. ರಾತ್ರಿ ಶಟರು ಇಳಿದ ಮೇಲೆ, ಮೊಬೈಲು ಕೈಗೆತ್ತಿಕೊಳ್ಳುವ ಮುನ್ನ, ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳೋಣ. ದೇವರನ್ನು ನೆನೆಯುವವನು ನೆನೆಯಲಿ. ನಮಾಜಿನವನು, ಶಿಲುಬೆಯವನು, ಏನೂ ಇಲ್ಲದವನು ಎಲ್ಲರೂ ಕುಳಿತುಕೊಳ್ಳಲಿ. ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರೇ. ಇಂದು ನಾನು ಯಾರನ್ನು ಕೀಳಾಗಿ ಕಂಡೆ? ಯಾರ ಬಗ್ಗೆ ನೋಡದೆ ಮಾಡದೆ ಸುದ್ದಿ ಹೇಳಿದೆ? ನಾಳೆ ಬೆಳಿಗ್ಗೆ ಯಾರ ಬಳಿ ಮೊದಲು ಮಾತಾಡಬೇಕು? ನಾವು ಇದನ್ನು ಮಾಡಲಾರಂಭಿಸಿ ಮೂರು ವಾರವಾಯಿತು. ಮೊದಲ ನಾಲ್ಕು ದಿನ ನಿದ್ದೆಯೇ ಬಂದಿತೆಂದು ಒಪ್ಪಿಕೊಳ್ಳುತ್ತೇವೆ. ಐದನೆಯ ದಿನ ಒಬ್ಬ ಭಟ್ಟಿಯವನ ನೆನಪು ಬಂದು, ಮರುದಿನ ಹೋಗಿ ಮಾತಾಡಿಸಿದೆವು.

ಎರಡನೆಯದು. ಒಂದೊಂದು ಖೋಲಿಗೂ ಒಂದೊಂದು ಚಿಕ್ಕ ಸಮಿತಿಯಿರಲಿ. ಆ ಖೋಲಿಯಲ್ಲಿ ಎಷ್ಟು ಭಾಷೆಯವರಿದ್ದಾರೋ ಅಷ್ಟು ಜನ ಅದರಲ್ಲಿರಲಿ. ಹದಿನೈದು ದಿನಕ್ಕೊಮ್ಮೆ ಕೂಡಿ ನೀರು, ಹಾಸಿಗೆ, ಪಾಳಿಯ ವಿಷಯ ಮಾತಾಡಲಿ. ಸುದ್ದಿಯೊಂದು ಬಂದರೆ ಮುಂದಕ್ಕೆ ಕಳಿಸುವ ಮುನ್ನ ಸಮಿತಿಯವರು ಸ್ಥಳಕ್ಕೆ ಹೋಗಿ ನೋಡಿ ಬರಲಿ.

ಮೂರನೆಯದು. ಕೈಯೆತ್ತುವುದು ನಿಲ್ಲಬೇಕು. ಧಣಿ ಹೊಡೆದರೆ ಸಂಘ ಹೋರಾಡುತ್ತದೆ. ನಮ್ಮವನೇ ಹೊಡೆದರೆ ಸಂಘ ಕಣ್ಣು ಮುಚ್ಚುತ್ತದೆ. ಈ ಇಬ್ಬಂದಿತನ ಬೇಡ. ಸಂಘದ ಸದಸ್ಯನು ಕೈಕೆಳಗಿನವನಿಗೆ ಹೊಡೆದರೆ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಬೇಕು. ಮೊದಲ ಸಭೆಯಲ್ಲಿ ನಾವೇ ಎದ್ದು ನಿಲ್ಲುತ್ತೇವೆ.

ನಾಲ್ಕನೆಯದು, ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡುವುದು. ಗಂಜಾಮಿನ ಹುಡುಗನಿಗೆ ಹೋಟೆಲಿನಿಂದ ಬರಬೇಕಾದ ಹದಿನೇಳು ದಿನದ ಪಗಾರ ಬಾಕಿಯಿದೆ. ಅದನ್ನು ಕೇಳಿ ಪಡೆದು ಕಳಿಸುವ ಕೆಲಸವನ್ನು ಸಂಘ ಕೈಗೆತ್ತಿಕೊಳ್ಳಬೇಕು. ಒಡೆದ ಲೋಟಗಳ ಬೆಲೆಯನ್ನು ಅದರಲ್ಲಿ ಕತ್ತರಿಸಬಾರದೆಂದು ಪಟ್ಟು ಹಿಡಿಯಬೇಕು. ಹತ್ತು ಜನರ ಖೋಲಿಗೆ ಹದಿನಾರು ಜನರನ್ನು ತುಂಬಬಾರದೆಂಬ ಬೇಡಿಕೆಯನ್ನೂ ಇದೇ ಪತ್ರದಲ್ಲಿ ಸೇರಿಸಬೇಕು.

ಇನ್ನು ಪೂಜೆಯ ವಿಷಯ. ಹಿರಿಯರ ಮಾತಿನಂತೆ ಪೂಜೆ ನಡೆಯಲಿ. ನಾವೂ ವಂತಿಗೆ ಕೊಡುತ್ತೇವೆ. ಆದರೆ ಆ ದಿನದ ಊಟದಲ್ಲಿ ಮೊದಲ ಪಂಕ್ತಿಯಲ್ಲಿ ಎಲ್ಲ ಭಾಷೆಯ, ಎಲ್ಲ ಜಾತಿಮತದ ಕ್ಲೀನರ್ ಹುಡುಗರು ಕುಳಿತುಕೊಳ್ಳಲಿ. ಕ್ಯಾಪ್ಟನರೂ ಮ್ಯಾನೇಜರರೂ ಬಡಿಸಲಿ. ಎಂಜಲೆಲೆಯನ್ನು ಸಮಿತಿಯವರು ಎತ್ತಲಿ.

ಕಳೆದ ಭಾನುವಾರ ನಾವು ಆ ಕ್ಯಾಪ್ಟನನ ಬಳಿ ಕೊನೆಗೂ ಹೋದೆವು. ಬೈಯಲಿಲ್ಲ. ನಮ್ಮ ಹಳೆಯ ಶುಕ್ರವಾರದ ಕತೆಯನ್ನು ಹೇಳಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸೂರತ್ತಿನ ನಂಬರು ಸಿಗಬಹುದೇ ಎಂದು ಕೇಳಿದ. ಹುಡುಗನ ಊರಿನವನೊಬ್ಬನ ಮೂಲಕ ನಂಬರು ದೊರಕಿಸಿ ಕೊಟ್ಟೆವು. ಫೋನು ಎರಡು ಸಲ ಹೊಡೆದರೂ ಹುಡುಗ ಎತ್ತಲಿಲ್ಲ. ಎತ್ತದಿರುವುದು ಅವನ ಹಕ್ಕು. ನಾಳೆ ಮತ್ತೆ ಮಾಡುತ್ತೇನೆಂದು ಕ್ಯಾಪ್ಟನ್ ಹೇಳಿದ್ದಾನೆ.

ಬಂಧುಗಳೇ, ಮುಂದಿನ ಸಭೆ ತಿಂಗಳ ಎರಡನೆಯ ಸೋಮವಾರ ರಾತ್ರಿ ಹನ್ನೊಂದೂವರೆಗೆ. ಪಾಳಿ ಮುಗಿದವರೆಲ್ಲರೂ ಬರಬೇಕು. ಬರುವಾಗ ನಿಮ್ಮ ಖೋಲಿಯ ಬೇರೆ ಭಾಷೆಯವನೊಬ್ಬನನ್ನು ಜತೆಗೆ ಕರೆತರಬೇಕೆಂದು ಕಳಕಳಿಯಿಂದ ವಿನಂತಿಸುತ್ತೇವೆ.